ರಾಯಕೋಟೆಯ ಬಾಡಿಗೆದಾರರಿಗೆ: ಮನೆ ಬಿಡಿಸುವ ಅಧಿಕಾರ ಯಾರಿಗಿದೆ?

ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ರಾಯಕೋಟೆಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಒಂದು ಕಾನೂನು. ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಕೆಲಮಂಗಲದಲ್ಲಿ ಹಿಡಿದವರಿಗೆ ಇನ್ನೊಂದು. ಜಿಲ್ಲೆ ಒಂದೇ, ತಾಲ್ಲೂಕು ಒಂದೇ, ಎರಡೂ ಕಡೆ ಜನ ಆಡುವ ಕನ್ನಡ, ತೆಲುಗು, ತಮಿಳು ಒಂದೇ. ಆದರೂ ಮಾಲೀಕರು ಮನೆ ಬಿಡಿ ಎಂದಾಗ ಎಲ್ಲಿಗೆ ಹೋಗಬೇಕು, ಎಷ್ಟು ದಿನದ ಕಾಲಾವಕಾಶ ಸಿಗುತ್ತದೆ, ಮಾಲೀಕರು ಏನು ಕಾರಣ ತೋರಿಸಬೇಕು ಎಂಬ ಮೂರೂ ಪ್ರಶ್ನೆಗಳಿಗೆ ಎರಡು ಊರುಗಳಲ್ಲಿ ಎರಡು ಉತ್ತರ. ಇದು ಗೊತ್ತಿಲ್ಲದೆ ಎಷ್ಟೋ ಮಂದಿ, ನ್ಯಾಯ ತಮ್ಮ ಕಡೆಗಿದ್ದರೂ, ಬಾಯಿಮಾತಿಗೆ ಹೆದರಿ ರಾತ್ರೋರಾತ್ರಿ ಸಾಮಾನು ಕಟ್ಟುತ್ತಾರೆ.

ಈ ಭಾಗದಲ್ಲಿ ಬಾಡಿಗೆದಾರರ ಸಂಖ್ಯೆ ಬೆಳೆಯುತ್ತಲೇ ಇದೆ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ, ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಹಿಂದೆಯೇ ದೂರದ ಜನರನ್ನು ಇಲ್ಲಿಗೆ ಕರೆತಂದವು. ಕೆಲಮಂಗಲದ ಹತ್ತಿರ ಟಾಟಾ ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಸುತ್ತಲಿನ ಊರುಗಳಲ್ಲೂ ಖಾಲಿ ಮನೆಗೆ ಬೇಡಿಕೆ ಏರಿತು. ರಾಯಕೋಟೆಯ ಟೊಮೇಟೊ ಮಂಡಿಯಲ್ಲಿ ಅಂಗಡಿ ಹಿಡಿದವರು, ಸೇಲಂ–ಬೆಂಗಳೂರು ರೈಲು ಮಾರ್ಗದಲ್ಲಿ ದಿನವೂ ಓಡಾಡಿ ದುಡಿಯುವವರು, ಮಕ್ಕಳ ಶಾಲೆಗಾಗಿ ಹಳ್ಳಿ ಬಿಟ್ಟು ಪೇಟೆಗೆ ಬಂದವರು, ಎಲ್ಲರೂ ಬಾಡಿಗೆದಾರರೇ. ಬೇಡಿಕೆ ಏರಿದಾಗ ಹೆಚ್ಚು ಕೊಡುವ ಹೊಸಬರಿಗಾಗಿ ಹಳಬರನ್ನು ಎಬ್ಬಿಸುವ ಆಸೆಯೂ ಹುಟ್ಟುತ್ತದೆ. ಕಾನೂನು ತಿಳಿದಿರಬೇಕಾದ ಹೊತ್ತು ಅದು.

ಎಲ್ಲ ಕಡೆಗೂ ಸಲ್ಲುವ ಮೂಲ ನಿಯಮ

ಊರು ಯಾವುದೇ ಇರಲಿ, ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಒಂದಿದೆ. ಮನೆಯಲ್ಲಿ ನೆಲೆಯಾಗಿ ವಾಸವಿರುವವರನ್ನು ಮಾಲೀಕರು ತಮ್ಮ ಕೈಯಾರೆ ಹೊರಹಾಕುವಂತಿಲ್ಲ. ಬಾಡಿಗೆ ಬಾಕಿ ಇರಬಹುದು, ಕರಾರಿನ ಅವಧಿ ಮುಗಿದಿರಬಹುದು, ಮಾಲೀಕರ ಬೇಡಿಕೆ ನ್ಯಾಯವಾದದ್ದೇ ಇರಬಹುದು. ಆದರೂ ದಾರಿ ನ್ಯಾಯಾಲಯದ ಮೂಲಕವೇ. ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಇದನ್ನು ಬಿಡಿಸಿ ಹೇಳಿತು: ಸ್ವತ್ತಿನಲ್ಲಿ ನೆಲೆಯಾಗಿರುವವರಿಗೆ ಅಲ್ಲಿ ಮುಂದುವರಿಯುವ ಹಕ್ಕಿಲ್ಲ ಎಂದೇ ಇಟ್ಟುಕೊಂಡರೂ, ಕಾನೂನಿನ ಕ್ರಮದ ಹೊರತು ಮಾಲೀಕರು ಅವರನ್ನು ತೆರವು ಮಾಡಿಸಲಾಗದು.

ಇದಕ್ಕೆ ಬಲ ಕೊಡುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ಬೀಗ ಹಾಕಿಯೋ ಸಾಮಾನು ಬೀದಿಗೆ ಎಸೆದೋ ನಿಮ್ಮನ್ನು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬುದು ಪ್ರಶ್ನೆಯಾಗುವುದಿಲ್ಲ. ವಾಸವಿದ್ದವರು ಯಾರು, ಅವರ ಒಪ್ಪಿಗೆಯಿಲ್ಲದೆ ಕಾನೂನು ಮೀರಿ ಹೊರಹಾಕಿದರೇ ಎಂಬುದಷ್ಟೇ ವಿಚಾರಣೆಗೆ ಬರುತ್ತದೆ. ಆದರೆ ಆರು ತಿಂಗಳು ದಾಟಿದರೆ ಈ ಬಾಗಿಲು ಮುಚ್ಚಿದಂತೆ.

ನಿಮ್ಮ ಊರಿಗೆ ಯಾವ ಕಾಯ್ದೆ?

ತಮಿಳುನಾಡಿನಲ್ಲಿ 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಸುಮಾರು ಆರು ದಶಕ ನಡೆಯಿತು. ಅದರ ಜಾಗಕ್ಕೆ ಬಂದದ್ದು 2017ರ ‘ತಮಿಳುನಾಡು ಮಾಲೀಕರ ಮತ್ತು ಬಾಡಿಗೆದಾರರ ಹಕ್ಕು ಹಾಗೂ ಹೊಣೆಗಳ ನಿಯಂತ್ರಣ ಕಾಯ್ದೆ’. ಇದು ಜಾರಿಗೆ ಬಂದದ್ದು 2019ರ ಫೆಬ್ರವರಿ 22ರಂದು. ಹಳೆಯ ಕಾಯ್ದೆ ಬಾಡಿಗೆಯ ಮೊತ್ತಕ್ಕೇ ಕಡಿವಾಣ ಹಾಕುತ್ತಿತ್ತು. ಹೊಸದು ಮೊತ್ತವನ್ನು ಇಬ್ಬರ ಕರಾರಿಗೆ ಬಿಟ್ಟು, ಆ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು ಎನ್ನುತ್ತದೆ.

ಈ ಕಾಯ್ದೆಯ ವ್ಯಾಪ್ತಿ ನಗರ ಪ್ರದೇಶಗಳಿಗೆ. 2019ರಲ್ಲಿ ಮಹಾನಗರ ಪಾಲಿಕೆಯಾದ ಹೊಸೂರು, ನಗರಸಭೆಯಾದ ಕೃಷ್ಣಗಿರಿ, ಪಟ್ಟಣ ಪಂಚಾಯಿತಿಗಳಾದ ಕೆಲಮಂಗಲ, ಡೆಂಕಣಿಕೋಟೆ, ಕಾವೇರಿಪಟ್ಟಣ, ಬರಗೂರು ಇದರೊಳಗೆ ಬರುತ್ತವೆ. ರಾಯಕೋಟೆ ಮಾತ್ರ ಪೇಟೆಯಾಗಿ ಬೆಳೆದರೂ ಆಡಳಿತದಲ್ಲಿ ಗ್ರಾಮ ಪಂಚಾಯಿತಿಯಾಗಿಯೇ ಬಂದಿದೆ. ಅಂಥ ಊರುಗಳಲ್ಲಿ ಬಾಡಿಗೆ ವ್ಯವಹಾರ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮೇಲೆ.

ಪತ್ತೆ ಮಾಡುವುದು ಸುಲಭ. ಮನೆತೆರಿಗೆ ರಸೀದಿಯ ಮೇಲ್ಭಾಗ ನೋಡಿ. ಮಾನಗರಾಟ್ಚಿ, ನಗರಾಟ್ಚಿ ಅಥವಾ ಪೇರೂರಾಟ್ಚಿ ಎಂದಿದ್ದರೆ 2017ರ ಕಾಯ್ದೆ. ಬರೀ ಊರಾಟ್ಚಿ ಎಂದಿದ್ದರೆ 1882ರ ಕಾಯ್ದೆ. ಸ್ಥಳೀಯ ಸಂಸ್ಥೆಗಳ ದರ್ಜೆ ಕಾಲಕಾಲಕ್ಕೆ ಬದಲಾಗುತ್ತದೆ, ಪಕ್ಕದ ಹಳ್ಳಿಗಳು ಪಾಲಿಕೆಗೆ ಸೇರುತ್ತವೆ. ಹಾಗಾಗಿ ಹಳೆಯ ರಸೀದಿ ನಂಬದೆ ಈ ವರ್ಷದ್ದನ್ನೇ ನೋಡಿ. ರಾಯಕೋಟೆಯವರಿಗೂ ಇದೇ ಮಾತು: ಊರು ಪಟ್ಟಣ ಪಂಚಾಯಿತಿಯಾದರೆ ಕಾನೂನೂ ಬದಲಾಗುತ್ತದೆ.

ರಾಯಕೋಟೆಯಂಥ ಊರಿನಲ್ಲಿ: 1882ರ ಕಾಯ್ದೆ ಏನು ಕೊಡುತ್ತದೆ?

ಕರಾರಿನಲ್ಲಿ ಬೇರೆ ಏನನ್ನೂ ಬರೆದುಕೊಂಡಿಲ್ಲದಿದ್ದರೆ, ವಾಸದ ಮನೆ ಅಥವಾ ಅಂಗಡಿಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಎಂದು ಕಾನೂನು ಎಣಿಸುತ್ತದೆ. ಬಿಡಿಸಲು ಹದಿನೈದು ದಿನಗಳ ನೋಟಿಸ್ ಬೇಕು. ವ್ಯವಸಾಯದ ಜಮೀನು ಅಥವಾ ವಸ್ತು ತಯಾರಿಕೆಗೆ ಹಿಡಿದ ಜಾಗವಾದರೆ ಆರು ತಿಂಗಳು. ಶೆಡ್ ಹಿಡಿದು ಬಿಡಿಭಾಗ ತಯಾರಿಸುವ ಚಿಕ್ಕ ಉದ್ಯಮದವರು ಈ ವ್ಯತ್ಯಾಸವನ್ನು ನೆನಪಿಡಬೇಕು.

ನೋಟಿಸ್ ಬರಹದಲ್ಲಿರಬೇಕು, ಸಹಿ ಇರಬೇಕು. ಅಂಚೆಯಲ್ಲಿ ಬರಬಹುದು, ನಿಮ್ಮ ಕೈಗೆ ಅಥವಾ ಮನೆಯವರ ಕೈಗೆ ಕೊಡಬಹುದು. ಅದು ಸಾಧ್ಯವಾಗದಿದ್ದರೆ ಕಾಣುವ ಜಾಗದಲ್ಲಿ ಅಂಟಿಸಬಹುದು. ಫೋನಿನಲ್ಲಿ ಗದರಿಸಿದ್ದು, ಬಾಗಿಲಲ್ಲಿ ನಿಂತು ಕೂಗಾಡಿದ್ದು ನೋಟಿಸ್ ಆಗುವುದಿಲ್ಲ. ಬರಹದ ನೋಟಿಸ್ ಬಂದರೆ ಮಾತ್ರ ಅದನ್ನು ವಾಪಸ್ ಕಳಿಸಬೇಡಿ. ಪಡೆದುಕೊಂಡು, ತಾರೀಖು ಬರೆದಿಟ್ಟು, ಉತ್ತರ ಕೊಡಿ. ನಿರಾಕರಿಸಿದರೆ ಲಾಭವಿಲ್ಲ, ನಿಮ್ಮ ವಾದ ಹೇಳುವ ಮೊದಲ ಅವಕಾಶವೇ ಕೈತಪ್ಪುತ್ತದೆ.

ಹದಿನೈದು ದಿನ ಕಳೆದರೆ ಮನೆಯಿಂದ ಎಬ್ಬಿಸಬಹುದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನೋಟಿಸಿನ ಅವಧಿ ಮುಗಿದಾಗ ಮಾಲೀಕರಿಗೆ ಸಿಗುವುದು ನ್ಯಾಯಾಲಯಕ್ಕೆ ಹೋಗುವ ಹಕ್ಕು ಮಾತ್ರ. ದಾವೆ ನಡೆದು, ತೀರ್ಪು ಬಂದು, ಅದರ ಜಾರಿಗೆ ನ್ಯಾಯಾಲಯದ ಅಮೀನರೇ ಬರಬೇಕು.

ಹಾಗೆಂದು ಈ ಕಾಯ್ದೆ ಬಾಡಿಗೆದಾರರಿಗೆ ಬಿಗಿಯಾದ ಕಾವಲು ಎಂದು ಹೇಳಲಾರೆ. ತಿಂಗಳ ಬಾಡಿಗೆಯಲ್ಲಿ ಇರುವವರನ್ನು ಬಿಡಿಸಲು ಮಾಲೀಕರು ಕಾರಣ ತೋರಿಸಬೇಕಿಲ್ಲ. ಸರಿಯಾದ ನೋಟಿಸ್ ಕೊಟ್ಟರೆ ಸಾಕು. ಅಡ್ವಾನ್ಸ್ ಇಷ್ಟೇ ಇರಬೇಕೆಂಬ ಮಿತಿಯೂ ಇದರಲ್ಲಿ ಇಲ್ಲ. ಈ ಕೊರತೆಯನ್ನು ತುಂಬುವುದು ನಿಮ್ಮ ಬಾಡಿಗೆ ಪತ್ರವೇ. ಅವಧಿ ಎಷ್ಟು, ಬಿಡಿಸಲು ಎಷ್ಟು ತಿಂಗಳ ನೋಟಿಸ್, ಯಾವ ಕಾರಣಕ್ಕೆ ನಡುವೆ ಬಿಡಿಸಬಹುದು, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ಅಡ್ವಾನ್ಸ್ ಯಾವ ದಿನದೊಳಗೆ ವಾಪಸ್ ಎಂಬುದನ್ನು ಬರೆಸಿಕೊಂಡರೆ ಹದಿನೈದು ದಿನದ ನಿಯಮದ ಜಾಗದಲ್ಲಿ ಆ ಮಾತುಗಳೇ ನಿಲ್ಲುತ್ತವೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯಾದರೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿರಲೇಬೇಕು. ಎಲ್ಲೆಡೆ ಹನ್ನೊಂದು ತಿಂಗಳ ಪತ್ರ ಮಾಡುವುದು ಇದನ್ನು ತಪ್ಪಿಸಲಿಕ್ಕೇ. ಅಂಗಡಿಗೆ ಬಂಡವಾಳ ಹಾಕುವವರು ಹನ್ನೊಂದು ತಿಂಗಳಿಗೆ ಒಪ್ಪದೆ, ಖರ್ಚಾದರೂ ಮೂರು ಅಥವಾ ಐದು ವರ್ಷದ ನೋಂದಾಯಿತ ಪತ್ರ ಮಾಡಿಸುವುದು ಮೇಲು.

ಈ ಕಾಯ್ದೆಯ ಇನ್ನೆರಡು ರಕ್ಷಣೆಗಳು ಹೆಚ್ಚು ಜನರಿಗೆ ಗೊತ್ತಿಲ್ಲ. ಬಾಡಿಗೆ ಕಟ್ಟಿಲ್ಲವೆಂಬ ಕಾರಣಕ್ಕೆ ಗುತ್ತಿಗೆ ರದ್ದು ಮಾಡಿ ದಾವೆ ಹೂಡಿದ್ದರೆ, ವಿಚಾರಣೆಯ ವೇಳೆ ಬಾಕಿ, ಬಡ್ಡಿ, ದಾವೆಯ ಖರ್ಚು ಎಲ್ಲವನ್ನೂ ಕಟ್ಟಿ ಮನೆ ಉಳಿಸಿಕೊಡಿ ಎಂದು 114ನೇ ಕಲಂ ಅಡಿ ಕೇಳಬಹುದು. ಕೊಡುವುದು ನ್ಯಾಯಾಲಯದ ವಿವೇಚನೆ. ಎರಡನೆಯದು ಮಾರಾಟಕ್ಕೆ ಸಂಬಂಧಿಸಿದ್ದು. ಈ ಭಾಗದಲ್ಲಿ ಜಾಗ ಬೇಗ ಬೇಗ ಕೈಬದಲಾಗುತ್ತಿದೆ. ಮನೆ ಮಾರಾಟವಾಯಿತು ಎಂದ ಮಾತ್ರಕ್ಕೆ ಬಾಡಿಗೆ ಮುರಿದುಬೀಳುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಸ್ಥಾನಕ್ಕೆ ಬರುತ್ತಾರೆ, ಕರಾರು ಅವರನ್ನೂ ಕಟ್ಟುತ್ತದೆ.

ಹೊಸೂರು, ಕೆಲಮಂಗಲ, ಡೆಂಕಣಿಕೋಟೆಯಲ್ಲಿ: 2017ರ ಕಾಯ್ದೆ

ಇಲ್ಲಿ ರಕ್ಷಣೆ ಹೆಚ್ಚು, ಆದರೆ ಅದಕ್ಕೆ ಷರತ್ತೂ ಇದೆ. ಕರಾರು ಬರಹದಲ್ಲಿರಬೇಕು ಮತ್ತು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಪ್ರಾಧಿಕಾರ ಎಂದರೆ ಜಿಲ್ಲಾಧಿಕಾರಿ ನೇಮಿಸುವ, ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಹೊಸೂರು ಭಾಗದವರು ಸಬ್ ಕಲೆಕ್ಟರ್ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿಯನ್ನು ರಾಜ್ಯ ಸರ್ಕಾರದ ಬಾಡಿಗೆ ನೋಂದಣಿ ಜಾಲತಾಣದಲ್ಲೂ ಸಲ್ಲಿಸಬಹುದು. ನೋಂದಣಿಯಾದ ಕರಾರಿಗೆ ಒಂದು ಸಂಖ್ಯೆ ಸಿಗುತ್ತದೆ. ಇದು ಉಪನೋಂದಣಿ ಕಚೇರಿಯ ನೋಂದಣಿಯಿಂದ ಬೇರೆ. ಹನ್ನೊಂದು ತಿಂಗಳ ಪತ್ರಕ್ಕೂ ಇದು ಬೇಕು. ನೋಂದಣಿಯಿಲ್ಲದ ಪತ್ರವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಕಾಯ್ದೆಯೇ ತಡೆ ಒಡ್ಡುತ್ತದೆ.

ಕರಾರು ಚಾಲ್ತಿಯಲ್ಲಿರುವಾಗ ತೆರವು ಬೇಕಾದರೆ ಮಾಲೀಕರು ಬಾಡಿಗೆ ನ್ಯಾಯಾಲಯದ ಮುಂದೆ ಕಾಯ್ದೆಯ 21ನೇ ಕಲಂನಲ್ಲಿರುವ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ಅವುಗಳಲ್ಲಿ ಮುಖ್ಯವಾದವು ಇವು:

• ಎರಡು ತಿಂಗಳ ಬಾಡಿಗೆ ಮತ್ತು ಇತರ ಶುಲ್ಕ ಬಾಕಿ ಇರುವುದು. ಕೇಳಿಕೆಯ ನೋಟಿಸ್ ಬಂದ ಒಂದು ತಿಂಗಳೊಳಗೆ ಬಡ್ಡಿ ಸಮೇತ ಕಟ್ಟಿದರೆ ತೆರವಿನ ಆದೇಶ ಬಾರದು. ಈ ಅವಕಾಶವನ್ನು ಪದೇ ಪದೇ ಬಳಸಲಾಗದು.

• ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನೋ ಅದರ ಭಾಗವನ್ನೋ ಬೇರೆಯವರಿಗೆ ಒಳಬಾಡಿಗೆ ಕೊಡುವುದು.

• ನಿಲ್ಲಿಸಿ ಎಂದು ನೋಟಿಸ್ ಕೊಟ್ಟ ಮೇಲೂ ಮನೆಯನ್ನು ದುರುಪಯೋಗ ಮಾಡುವುದು.

• ಖಾಲಿ ಮಾಡದೆ ಮಾಡಲಾಗದ ದುರಸ್ತಿ ಅಥವಾ ಮರುನಿರ್ಮಾಣ.

• ಮಾಲೀಕರ ಅಥವಾ ಅವರ ಕುಟುಂಬದ ಸ್ವಂತ ಉಪಯೋಗಕ್ಕೆ ಮನೆ ನಿಜವಾಗಿ ಬೇಕಿರುವುದು.

• ಕಾಯ್ದೆ ಹೇಳಿದಂತೆ ಲಿಖಿತ ಕರಾರು ಮಾಡಿಕೊಳ್ಳದೇ ಇರುವುದು.

ಈ ಕೊನೆಯದನ್ನು ಎರಡು ಸಲ ಓದಿ. ಇಪ್ಪತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದು ಒಂದು ತಿಂಗಳೂ ಬಾಕಿ ಉಳಿಸದ ಕುಟುಂಬವನ್ನು ಬರೀ ಕಾಗದವಿಲ್ಲ ಎಂಬ ಕಾರಣಕ್ಕೆ ತೆರವು ಮಾಡಿಸಲು ಅರ್ಜಿ ಹಾಕಬಹುದು. ಹಳೆಯ ಬಾಡಿಗೆದಾರರಿಗೆ ಕಾಯ್ದೆ ಕೊಟ್ಟಿದ್ದ ಗಡುವು 90 ದಿನ. ಅದನ್ನು ವಿಸ್ತರಿಸಿ 575 ದಿನ ಮಾಡಿದರು. ಅದೂ ಮುಗಿದು ವರ್ಷಗಳಾದವು. ಮಾಲೀಕರೊಂದಿಗಿನ ಸಂಬಂಧ ಚೆನ್ನಾಗಿರುವಾಗಲೇ ಕರಾರು ಮಾಡಿಸಿ. ಜಗಳ ಎದ್ದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಅಡ್ವಾನ್ಸ್ ವಿಷಯದಲ್ಲಿ ಕಾಯ್ದೆಯ ಅಳತೆ ಮೂರು ತಿಂಗಳ ಬಾಡಿಗೆ. ಇಬ್ಬರೂ ಒಪ್ಪಿ ಕರಾರಿನಲ್ಲಿ ಬೇರೆ ಮೊತ್ತ ಬರೆದರೆ ಅದು ನಿಲ್ಲುತ್ತದೆ, ಆದ್ದರಿಂದ ಸಹಿಗೆ ಮೊದಲೇ ಮಾತಾಡಿಕೊಳ್ಳಬೇಕು. ಮನೆ ಬಿಟ್ಟ ಒಂದು ತಿಂಗಳೊಳಗೆ ನ್ಯಾಯವಾದ ಬಾಕಿ ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸಬೇಕು.

ಕರಾರಿನ ಅವಧಿ ಮುಗಿದು, ಹೊಸದು ಆಗದೆ, ನೀವೂ ಮನೆ ಬಿಡದಿದ್ದರೆ, ಹಳೆಯ ಷರತ್ತುಗಳ ಮೇಲೆಯೇ ಬಾಡಿಗೆ ತಿಂಗಳಿಂದ ತಿಂಗಳಿಗೆ, ಹೆಚ್ಚೆಂದರೆ ಆರು ತಿಂಗಳವರೆಗೆ ಮುಂದುವರಿದಂತೆ. ಅದರಾಚೆ ಕೂತರೆ ದುಪ್ಪಟ್ಟು ಬಾಡಿಗೆ ಪರಿಹಾರವಾಗಿ ಕಟ್ಟಬೇಕಾದೀತು. ಮಾಲೀಕರಲ್ಲೂ ಒಂದೇ ಮನೆಯ ಬಾಡಿಗೆಯಿಂದ ಜೀವನ ಮಾಡುವ ಮುದುಕರು, ವಿಧವೆಯರು ಇದ್ದಾರೆ. ಅವರ ಮನೆ ಸಿಕ್ಕಿಹಾಕಿಕೊಳ್ಳಬಾರದೆಂಬುದೂ ಕಾಯ್ದೆಯ ಉದ್ದೇಶ, ಅದು ನ್ಯಾಯವೂ ಹೌದು.

ಕಂಪನಿಯೇ ತನ್ನ ಕೆಲಸಗಾರರಿಗೆ ಸೇವೆಯ ಕರಾರಿನ ಭಾಗವಾಗಿ ಕೊಡುವ ಕ್ವಾರ್ಟರ್ಸ್, ಸರ್ಕಾರಿ ಕಟ್ಟಡ, ಧಾರ್ಮಿಕ ಸಂಸ್ಥೆಗಳ ಸ್ವತ್ತು ಈ ಕಾಯ್ದೆಯ ಹೊರಗಿವೆ. ಕಾರ್ಖಾನೆಯ ವಸತಿಯಲ್ಲಿರುವವರು ಇಲ್ಲಿ ಹೇಳಿದ್ದೆಲ್ಲ ತಮಗೂ ಸಲ್ಲುತ್ತದೆ ಎಂದುಕೊಳ್ಳಬಾರದು.

ಬಿಡಿಸುವ ಅಡ್ಡದಾರಿಗಳು, ಅವಕ್ಕೆ ಉತ್ತರ

ನ್ಯಾಯಾಲಯಕ್ಕೆ ಹೋಗದೆ ಬಿಡಿಸಬೇಕೆನ್ನುವವರು ಹಿಡಿಯುವ ದಾರಿಗಳು ಎಲ್ಲ ಊರಲ್ಲೂ ಒಂದೇ.

ಮೊದಲನೆಯದು ನೀರು, ಕರೆಂಟು ನಿಲ್ಲಿಸುವುದು. 2017ರ ಕಾಯ್ದೆಯ 20ನೇ ಕಲಂ ಇದನ್ನು ನೇರವಾಗಿ ನಿಷೇಧಿಸುತ್ತದೆ. ನೀರು, ವಿದ್ಯುತ್, ಮೆಟ್ಟಿಲು ಮತ್ತು ಓಣಿಯ ದೀಪ, ಶೌಚ ವ್ಯವಸ್ಥೆ ಎಲ್ಲವೂ ಅದರಲ್ಲಿ ಸೇರಿವೆ. ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ವಿಚಾರಣೆ ಮುಗಿಯುವ ಮೊದಲೇ ಸೌಕರ್ಯ ಮರಳಿಸಲು ಮಧ್ಯಂತರ ಆದೇಶ ಕೊಡಬಹುದು. ವಿಚಾರಣೆಯನ್ನು ಒಂದು ತಿಂಗಳೊಳಗೆ ಮುಗಿಸಬೇಕು. ಗ್ರಾಮ ಪಂಚಾಯಿತಿ ಊರಿನವರು ಇದಕ್ಕಾಗಿ ಮುನ್ಸಿಫ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೇಳಬೇಕು.

ಎರಡನೆಯದು ಬಾಡಿಗೆಯನ್ನೇ ತೆಗೆದುಕೊಳ್ಳದೆ, ಆಮೇಲೆ ಬಾಕಿಯೆಂದು ದೂರುವುದು. ಮಾಲೀಕರು ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಬ್ಯಾಂಕ್ ಖಾತೆಗೆ ಹಾಕಿ, ಇಲ್ಲವೇ ಮನಿಯಾರ್ಡರ್ ಕಳಿಸಿ. ಎರಡು ತಿಂಗಳು ಒಂದರ ಮೇಲೊಂದು ಹೀಗೆ ನಿರಾಕರಿಸಿದರೆ, 2017ರ ಕಾಯ್ದೆಯಡಿ ಪ್ರಾಧಿಕಾರದಲ್ಲೇ ಬಾಡಿಗೆ ಠೇವಣಿ ಇಡಬಹುದು. ಹಿಂದಿರುಗಿದ ಮನಿಯಾರ್ಡರ್ ಚೀಟಿ ಬೆಲೆಬಾಳುವ ದಾಖಲೆ, ಎಸೆಯಬೇಡಿ.

ಮೂರನೆಯದು ಹೊತ್ತಲ್ಲದ ಹೊತ್ತಿನಲ್ಲಿ ಮನೆಯೊಳಗೆ ನುಗ್ಗಿ ಕಿರಿಕಿರಿ ಮಾಡುವುದು. ನಗರ ಪ್ರದೇಶದಲ್ಲಿ ಮಾಲೀಕರು ಒಳಗೆ ಬರಬೇಕಾದರೆ 24 ಗಂಟೆ ಮೊದಲು ಕಾರಣ ಬರೆದು ತಿಳಿಸಬೇಕು. ಅದೂ ಬೆಳಗ್ಗೆ 7ರಿಂದ ರಾತ್ರಿ 8ರೊಳಗೆ.

ನಾಲ್ಕನೆಯದು ಬೀಗ ಹಾಕುವುದು. ಆಗ ಮೊದಲು ಫೋನಿನಲ್ಲಿ ಬೀಗ, ಹೊರಗೆಸೆದ ಸಾಮಾನು, ಸುತ್ತಲಿನ ದೃಶ್ಯ ಎಲ್ಲವನ್ನೂ ವಿಡಿಯೋ ಮಾಡಿ. 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಬರಹದ ದೂರು ಕೊಟ್ಟು, ದೂರು ಸ್ವೀಕರಿಸಿದ್ದಕ್ಕೆ ಕೊಡುವ ಸಿಎಸ್‌ಆರ್ ರಸೀದಿ ಕೇಳಿ ಪಡೆಯಿರಿ. ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಎಂಬ ಮಾತು ಬರಬಹುದು. ಬಾಡಿಗೆಯ ತಕರಾರು ಸಿವಿಲ್ ನಿಜ. ಆದರೆ ನಿಮ್ಮನ್ನು ಅಡ್ಡಗಟ್ಟುವುದು, ವಾಸದ ಮನೆಗೆ ನುಗ್ಗುವುದು, ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 126, 329 ಮತ್ತು 351ನೇ ಕಲಂಗಳಡಿ ಅಪರಾಧಗಳು. ದೂರಿನಲ್ಲಿ ಬಾಡಿಗೆಯ ಇತಿಹಾಸ ಹೇಳುವುದಕ್ಕಿಂತ ಆ ದಿನ ಯಾರು ಏನು ಮಾಡಿದರು ಎಂಬುದನ್ನು ಮೊದಲು ಬರೆಯಿರಿ. ಮರುದಿನವೇ ವಕೀಲರನ್ನು ಕಂಡು, ಮೇಲೆ ಹೇಳಿದ 6ನೇ ಕಲಂ ದಾವೆಗೆ ಸಿದ್ಧರಾಗಿ.

ಭೋಗ್ಯಕ್ಕೆ ಮನೆ ಹಿಡಿದವರು

ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವ ಭೋಗ್ಯ ಈ ಭಾಗದಲ್ಲೂ ಬೆಂಗಳೂರಿನಲ್ಲೂ ಬಳಕೆಯಲ್ಲಿದೆ. ಮನೆಯ ಜೊತೆಗೆ ಜೀವಮಾನದ ಉಳಿತಾಯವೂ ಅಪಾಯಕ್ಕೆ ಬೀಳುವುದು ಇಲ್ಲೇ. ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ, ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ನೋಡದೆ ಹಣ ಕೊಡಬೇಡಿ. ಸಾಲ ಕಟ್ಟದಿದ್ದರೆ ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಪಡಿಸಿಕೊಳ್ಳಲು ಬರುತ್ತದೆ. ಆಗ ನೋಂದಣಿಯಿಲ್ಲದ ಪತ್ರ ಹಿಡಿದವರ ಮಾತಿಗೆ ತೂಕ ಕಡಿಮೆ. ಹಣ ಬ್ಯಾಂಕ್ ಮೂಲಕವೇ ಹೋಗಲಿ, ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲಿ.

ಗಡಿಯಾಚೆ ಹೋದವರಿಗೆ

ರಾಯಕೋಟೆಯಿಂದ ಹೋಗಿ ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ತಮಿಳುನಾಡಿನ ಕಾಯ್ದೆ ಸಲ್ಲುವುದಿಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆ ಅದರ ಹೊರಗೆ. ಇವತ್ತಿನ ಬೆಲೆಯಲ್ಲಿ ಬೆಂಗಳೂರಿನ ಹೆಚ್ಚಿನ ಮನೆಗಳು 1882ರ ಕಾಯ್ದೆಯಡಿಯೇ ಬರುತ್ತವೆ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಯ ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಇದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ; ರಾಜ್ಯವೇ ಕಾನೂನು ಮಾಡದೆ ಅದನ್ನು ತೋರಿಸಿ ಹಕ್ಕು ಕೇಳಲಾಗದು.

ಖರ್ಚಿಲ್ಲದ ವಕೀಲರು

ಕೋರ್ಟು ಎಂದರೆ ಹಣ ಎಂಬ ಹೆದರಿಕೆಯಿಂದಲೇ ಹೆಚ್ಚಿನವರು ಸುಮ್ಮನಾಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ಕಾರ್ಖಾನೆಯ ಕಾರ್ಮಿಕರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು. ಇವರಿಗೆ ಆದಾಯದ ಮಿತಿಯಿಲ್ಲ. ಉಳಿದವರಲ್ಲಿ ಕಡಿಮೆ ಆದಾಯದವರಿಗೂ ಸಿಗುತ್ತದೆ. ಹೊಸೂರು ಸುತ್ತಿನ ಬಾಡಿಗೆದಾರರಲ್ಲಿ ದೊಡ್ಡ ಪಾಲು ಈ ಪಟ್ಟಿಯೊಳಗೇ ಬರುತ್ತಾರೆ. ಕೃಷ್ಣಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ಹತ್ತಿರದ ನ್ಯಾಯಾಲಯದಲ್ಲಿರುವ ತಾಲ್ಲೂಕು ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಸಾಕು. ದೇಶಕ್ಕೆಲ್ಲ ಒಂದೇ ಸಹಾಯವಾಣಿ ಸಂಖ್ಯೆ 15100.

ಇವತ್ತೇ ಮಾಡಬಹುದಾದ ಕೆಲಸ

ಮನೆಯ ತೆರಿಗೆ ರಸೀದಿ ನೋಡಿ ನಿಮ್ಮ ಕಾಯ್ದೆ ಯಾವುದೆಂದು ತಿಳಿದುಕೊಳ್ಳಿ. ಕರಾರು ಇಲ್ಲದಿದ್ದರೆ ಮಾಡಿಸಿ. ಎರಡು ಪ್ರತಿ ಮಾಡಿ, ಸಹಿಯಾದ ಒಂದನ್ನು ನೀವು ಇಟ್ಟುಕೊಳ್ಳಿ. ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದು ನಿಮಗೆ ಓದಲು ಬಾರದಿದ್ದರೆ, ನಂಬಿಕಸ್ತರಿಂದ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ಬಾಡಿಗೆ ನಗದಾಗಿ ಕೊಡುತ್ತಿದ್ದರೆ ಈ ತಿಂಗಳಿಂದ ಬ್ಯಾಂಕಿಗೆ ಹಾಕಿ, ಇಲ್ಲವೇ ರಸೀದಿ ಪಡೆಯಿರಿ. ಅಡ್ವಾನ್ಸ್ ಕೊಟ್ಟದ್ದಕ್ಕೆ ಬರಹ ಇಲ್ಲದಿದ್ದರೆ ಮಾಲೀಕರಿಂದ ಒಂದು ಸಾಲಿನ ಒಪ್ಪಿಗೆಯನ್ನಾದರೂ, ವಾಟ್ಸ್ಯಾಪಿನಲ್ಲಾದರೂ, ಪಡೆದಿಡಿ. ಮನೆಗೆ ಬರುವ ದಿನ ಗೋಡೆ, ನಲ್ಲಿ, ಕಿಟಕಿಗಳ ಫೋಟೋ ತೆಗೆದಿಟ್ಟರೆ ಬಿಡುವ ದಿನ ಸುಣ್ಣಬಣ್ಣದ ಲೆಕ್ಕದಲ್ಲಿ ಅಡ್ವಾನ್ಸ್ ಕರಗುವುದಿಲ್ಲ.

ರಾಯಕೋಟೆಯಂಥ ಊರುಗಳು ಪೇಟೆಯಾಗಿ ಎಷ್ಟು ಬೆಳೆದರೂ, ಆಡಳಿತದ ದರ್ಜೆ ಬದಲಾಗದ ಕಾರಣಕ್ಕೆ ಅಲ್ಲಿಯ ಬಾಡಿಗೆದಾರರು ಕೆಲಮಂಗಲದವರಿಗಿಂತ ಕಡಿಮೆ ರಕ್ಷಣೆಯಲ್ಲಿ ಬದುಕಬೇಕಾಗಿರುವುದು ಸರಿಯಲ್ಲ. ಬಾಡಿಗೆ ಕೊಟ್ಟು ಬಾಳುವ ಕುಟುಂಬಕ್ಕೆ ಬೇಕಾದ ಭದ್ರತೆ ಎರಡೂ ಊರಿನಲ್ಲಿ ಒಂದೇ. ಸರ್ಕಾರ ಅದನ್ನು ಸರಿಪಡಿಸಬೇಕು. ಗ್ರಾಮಸಭೆಗಳಲ್ಲಿ ಆ ಬೇಡಿಕೆ ಇಡುವುದು ನಮ್ಮ ಕೆಲಸ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ರಕ್ಷಣೆ ಎರಡು: ನ್ಯಾಯಾಲಯದ ಆದೇಶವಿಲ್ಲದೆ ಯಾರೂ ನಿಮ್ಮನ್ನು ಎಬ್ಬಿಸಲಾರರು ಎಂಬ ತಿಳಿವಳಿಕೆ, ಮತ್ತು ಸಹಿಯಿರುವ ಒಂದು ಬಾಡಿಗೆ ಪತ್ರ. ಮೊದಲನೆಯದನ್ನು ಪಕ್ಕದ ಮನೆಯವರಿಗೂ ಹೇಳಿ. ಎರಡನೆಯದನ್ನು ಈ ವಾರವೇ ಮಾಡಿಸಿ.